ಒಂದು ದಿನದಲ್ಲಿ ಎವರ್‌ಗ್ಲೇಡ್ಸ್: ಏರ್‌ಬೋಟೇ, ಕಾಲ್ನಡಿಗೆಯೇ?

ನಾಲೆ ಏರಿ:
ಫ್ಲೋರಿಡಾದ ದಕ್ಷಿಣಕ್ಕೆ ಇರುವವರ, ಆ ಕಡೆ ಸುತ್ತಿದವರ ಸಲಹೆ ಬೇಕು. ನಾವು ಫೋರ್ಟ್ ಲಾಡರ್‌ಡೇಲ್ ಬಳಿ ಇದ್ದೇವೆ. ಮಂಡ್ಯದಿಂದ ಅಪ್ಪ ಅಮ್ಮ ಬಂದು ಮೂರು ವಾರವಾಯಿತು. ಸಮುದ್ರ ತೀರ ಎರಡು ಸಲ, ಮಾಲ್ ನಾಲ್ಕು ಸಲ ಆಗಿದೆ. ಈಗ ಅಪ್ಪ ಬೆಳಗಾದರೆ ಗ್ಯಾರೇಜಿನ ಬಾಗಿಲು ಮೇಲೆತ್ತಿ, ಕುರ್ಚಿ ಹಾಕಿಕೊಂಡು, ಯಾರೂ ನಡೆಯದ ರಸ್ತೆಯನ್ನು ನೋಡುತ್ತಾ ಕೂರುತ್ತಾರೆ.

ಬರುವ ಶನಿವಾರ ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶಕ್ಕೆ ಕರೆದುಕೊಂಡು ಹೋಗೋಣ ಎಂದುಕೊಂಡಿದ್ದೇನೆ. ಬೆಳಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕು. ಅಪ್ಪನಿಗೆ 71, ಮಂಡಿ ನೋವು. ಅಮ್ಮನಿಗೆ ಪುಸ್ತಕದಲ್ಲಿ ಹಾವಿನ ಚಿತ್ರ ಕಂಡರೂ ಪುಟ ತಿರುವಿ ಹಾಕುವಷ್ಟು ಭಯ. ಮಗನಿಗೆ 9, ಅವನಿಗೆ ಮೊಸಳೆ ಬಿಟ್ಟು ಬೇರೇನೂ ಬೇಡ. ಹೆಂಡತಿ ಏರ್‌ಬೋಟ್ ಎನ್ನುತ್ತಾಳೆ, ನನಗೆ ನಡೆದು ನೋಡುವ ಆಸೆ. ಅಪ್ಪನ ರಾಗವೇ ಬೇರೆ. ಅವರು ನೀರಾವರಿ ಇಲಾಖೆಯಲ್ಲಿದ್ದವರು. "ನಾಲೆ ಸೋರಿ ಜೌಗು ಹಿಡಿದ ಗದ್ದೆಗಳಿಗೆ ಬಸಿಗಾಲುವೆ ತೋಡಿಸುವುದರಲ್ಲೇ ನನ್ನ ಮೂವತ್ತು ವರ್ಷ ಸರ್ವೀಸು ಮುಗಿಯಿತು. ಈಗ ಟಿಕೆಟ್ ಕೊಂಡು ಜೌಗು ನೋಡಬೇಕೇ?" ಎನ್ನುತ್ತಾರೆ.

ಏನು ಮಾಡಲಿ?

ಬಿಸಿಲುಕುದುರೆ:
ಏರ್‌ಬೋಟ್. ಇದರಲ್ಲಿ ಕೇಳುವುದೇನಿದೆ?

ಗುಬ್ಬಚ್ಚಿ:
ದಯವಿಟ್ಟು ಬೇಡ. ಹೋದ ವರ್ಷ ನನ್ನ ಅತ್ತೆ ಮಾವನನ್ನು ಕೂರಿಸಿಕೊಂಡು ಹೋಗಿ ಪಟ್ಟ ಪಾಡು ಸಾಕು. ದೋಣಿಯ ಹಿಂದೆ ವಿಮಾನದ ಹಾಗೆ ದೊಡ್ಡ ಫ್ಯಾನು. ಹತ್ತುವ ಮುನ್ನವೇ ಕಿವಿಗೆ ತುರುಕಿಕೊಳ್ಳಲು ಸ್ಪಂಜು ಕೊಟ್ಟರು ಎಂದರೆ ಸದ್ದು ಎಷ್ಟಿರಬಹುದು ನೋಡಿ. ನಾವು ಬರುವುದು ತಿಳಿದು ಹಕ್ಕಿಗಳೆಲ್ಲ ಮೊದಲೇ ಎದ್ದು ಹೋಗಿದ್ದವು. ಕೊನೆಗೆ ದೋಣಿ ನಡೆಸುವವನು ಜೇಬಿನಿಂದ ಬಿಳಿಯ ಮಾರ್ಷ್‌ಮ್ಯಾಲೋ ಮಿಠಾಯಿ ತೆಗೆದು ಅಲಿಗೇಟರ್ ಮೂತಿಯ ಮುಂದೆ ಎಸೆದ. ಫ್ಲೋರಿಡಾದಲ್ಲಿ ಅಲಿಗೇಟರ್‌ಗೆ ತಿನ್ನಲು ಹಾಕುವುದು ಅಪರಾಧ. ಮನುಷ್ಯ ಎಂದರೆ ತಿಂಡಿ ಎಂದು ಒಮ್ಮೆ ಕಲಿತ ಪ್ರಾಣಿಯನ್ನು ಆಮೇಲೆ ಕೊಲ್ಲದೆ ಬೇರೆ ದಾರಿ ಇರುವುದಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ, ಜಗಳ ಬೇಡ.

ಬಿಸಿಲುಕುದುರೆ:
ಒಬ್ಬ ಕೆಟ್ಟವನು ಸಿಕ್ಕಿದನೆಂದು ಎಲ್ಲರನ್ನೂ ಬೈದರೆ ಹೇಗೆ ಅಕ್ಕ? ನಮ್ಮ ದೋಣಿಯವನು ಎರಡು ಕಡೆ ಎಂಜಿನ್ ನಿಲ್ಲಿಸಿ, ಹುಲ್ಲಿನ ಎಸಳು ಕಿತ್ತು ತೋರಿಸಿ, ಅಂಚಿನಲ್ಲಿರುವ ಗರಗಸದಂಥ ಹಲ್ಲುಗಳನ್ನು ಬೆರಳಿಗೆ ತಾಗಿಸಿದ. ಮಂಡಿ ನೋವಿನವರಿಗೆ ಅದಕ್ಕಿಂತ ಸುಲಭ ಯಾವುದು? ಕೂತರೆ ಮುಗಿಯಿತು.

ಮಯಾಮಿ ಮೂರ್ತಿ:
ಇಬ್ಬರೂ ಸುಮ್ಮನಿರಿ. ಮಂಡಿ ನೋವಿಗೆ ಶಾರ್ಕ್ ವ್ಯಾಲಿ ಎಂಬ ಜಾಗವಿದೆ. ಅಲ್ಲಿ ಶಾರ್ಕೂ ಇಲ್ಲ, ಕಣಿವೆಯೂ ಇಲ್ಲ. ಆ ನೀರು ಮುಂದೆ ಶಾರ್ಕ್ ನದಿಗೆ ಸೇರುತ್ತದೆ, ಅದಕ್ಕೆ ಆ ಹೆಸರು. ಟಮಿಯಾಮಿ ಹೆದ್ದಾರಿಯ ಪಕ್ಕದಲ್ಲೇ ಪ್ರವೇಶ. ಒಳಗೆ 15 ಮೈಲಿಯ ಟಾರು ದಾರಿ ಸುತ್ತು ಹಾಕಿ ಬರುತ್ತದೆ. ಸ್ವಂತ ಕಾರು ಬಿಡುವುದಿಲ್ಲ. ಎರಡು ಗಂಟೆಯ ಟ್ರಾಮ್ ಇದೆ, ಬಾಡಿಗೆ ಸೈಕಲ್ ಇದೆ. ಅರ್ಧ ದಾರಿಯಲ್ಲಿ ವೀಕ್ಷಣಾ ಗೋಪುರ. ಮೆಟ್ಟಿಲಲ್ಲ, ಸುತ್ತಿಕೊಂಡು ಹತ್ತುವ ಇಳಿಜಾರು. ಮೇಲೆ ನಿಂತರೆ ದಿಗಂತದ ತನಕ ಹುಲ್ಲು, ನಡುನಡುವೆ ಮರಗಳ ದಿಬ್ಬ.

ಈಗ ಫೆಬ್ರವರಿ, ಒಣಗಾಲ. ನೀರು ಇಳಿದು ಪ್ರಾಣಿಗಳೆಲ್ಲ ಉಳಿದ ಹೊಂಡಗಳಿಗೆ ಬಂದು ಸೇರಿರುತ್ತವೆ. ಅಲಿಗೇಟರ್‌ಗಳು ಆ ಟಾರು ದಾರಿಯ ಮೇಲೆಯೇ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಕನಿಷ್ಠ 15 ಅಡಿ ದೂರ ಇರಬೇಕು. ಶನಿವಾರ ಹತ್ತು ಗಂಟೆಯ ಮೇಲೆ ಹೋದರೆ ಪಾರ್ಕಿಂಗ್ ತುಂಬಿ ಹೆದ್ದಾರಿಯಲ್ಲಿ ಕಾಯಬೇಕಾಗುತ್ತದೆ, ಬೇಗ ಹೊರಡಿ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇಟ್ಟುಕೊಳ್ಳಿ.

ಹಾವಕ್ಕಿ:
ಶಾರ್ಕ್ ವ್ಯಾಲಿಯ ಜನಜಂಗುಳಿ ಬೇಡವೆಂದರೆ ಹೋಮ್‌ಸ್ಟೆಡ್ ಕಡೆಯ ಬಾಗಿಲಿನಿಂದ ಒಳಗೆ ಹೋಗಿ ಅನ್ಹಿಂಗಾ ದಾರಿ ನೋಡಿ. ಒಂದು ಮೈಲಿಯೂ ಇಲ್ಲ, ಅರ್ಧ ಟಾರು, ಅರ್ಧ ನೀರಿನ ಮೇಲೆ ಹಾಸಿದ ಹಲಗೆ. ಅನ್ಹಿಂಗಾ ಎಂದರೆ ಬೇರೆ ಯಾರೂ ಅಲ್ಲ, ರಂಗನತಿಟ್ಟಿನ ನಮ್ಮ ಹಾವಕ್ಕಿಯ ದಾಯಾದಿ. ಅದೇ ಹಾವಿನಂಥ ಕತ್ತು. ಅದೇ ರೀತಿ ಮೀನನ್ನು ಚುಚ್ಚಿ ಮೇಲೆ ತಂದು, ಗಾಳಿಗೆ ಎಸೆದು ತಲೆಯ ಕಡೆಯಿಂದ ನುಂಗುತ್ತದೆ. ಅಲ್ಲಿಯ ವುಡ್ ಸ್ಟಾರ್ಕ್ ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆಗೆ ಹತ್ತಿರದ ನೆಂಟ. ಮಂಡ್ಯದವರಿಗೆ ಪರಿಚಯ ಹೇಳಬೇಕಾಗಿಯೇ ಇಲ್ಲ.

ಸುಮ್ಮನೆ ಬಂದವಳು:
ಅನ್ಹಿಂಗಾ ದಾರಿಗೆ ಹೋಗುವವರು ಕಾರಿನ ಬಗ್ಗೆ ಎಚ್ಚರ. ಅಲ್ಲಿಯ ಕರಿ ರಣಹದ್ದುಗಳಿಗೆ ಕಾರಿನ ರಬ್ಬರ್ ಎಂದರೆ ಪಂಚಪ್ರಾಣ. ವೈಪರ್, ಕಿಟಕಿಯ ಸುತ್ತಲಿನ ರಬ್ಬರ್ ಪಟ್ಟಿ ಎಲ್ಲವನ್ನೂ ಕಿತ್ತು ಹಾಕುತ್ತವೆ. ಪಾರ್ಕಿಂಗಿನಲ್ಲೇ ಟಾರ್ಪಾಲು, ಕಟ್ಟಲು ಹಗ್ಗ ಇಟ್ಟಿರುತ್ತಾರೆ, ಬಳಸಿ. ನಾವು ನಂಬದೆ ಹಾಗೆಯೇ ಹೋದೆವು. ಹಿಂದಿರುಗಿದಾಗ ಬಾನೆಟ್ ಮೇಲೆ ಮೂವರು ಕೂತು ಪಂಕ್ತಿ ಭೋಜನ ನಡೆಸಿದ್ದರು.

ಬಿಸಿಲುಕುದುರೆ:
ಏರ್‌ಬೋಟಿನ ಜಾಗದಲ್ಲಿ ಕಾರು ಹಾಳಾಗುವುದಿಲ್ಲ ಎಂದು ವಿನಮ್ರವಾಗಿ ತಿಳಿಸುತ್ತೇನೆ.

ಜಮಾ ಖರ್ಚು:
ಹಕ್ಕಿ, ಹದ್ದು ಎಲ್ಲ ಸರಿ. ದುಡ್ಡಿನ ಮಾತು ಯಾರೂ ಆಡುತ್ತಿಲ್ಲ. 2026ರ ಜನವರಿಯಿಂದ ನಿಯಮ ಬದಲಾಗಿದೆ. ಹನ್ನೊಂದು ರಾಷ್ಟ್ರೀಯ ಉದ್ಯಾನಗಳಲ್ಲಿ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ಮೇಲ್ಪಟ್ಟವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ. ಆ ಹನ್ನೊಂದರಲ್ಲಿ ಎವರ್‌ಗ್ಲೇಡ್ಸ್ ಸಹ ಇದೆ. ಸಂದರ್ಶಕ ವೀಸಾದಲ್ಲಿ ಬಂದ ಅಪ್ಪ ಅಮ್ಮ ಇಬ್ಬರಿಗೆ 200. ಕಾರಿನ 35 ಡಾಲರ್ ಬೇರೆ.

ನಾಲೆ ಏರಿ:
ಇನ್ನೂರು ಡಾಲರ್! ಇದನ್ನು ಅಪ್ಪನಿಗೆ ಹೇಳಿದರೆ ರೂಪಾಯಿಗೆ ಪರಿವರ್ತಿಸಿ, ಆಮೇಲೆ ಎಷ್ಟು ಕ್ವಿಂಟಲ್ ಭತ್ತ ಎಂದು ಲೆಕ್ಕ ಹಾಕುತ್ತಾರೆ. ಕುರ್ಚಿ ಬಿಟ್ಟು ಏಳುವುದಿಲ್ಲ.

ಮಯಾಮಿ ಮೂರ್ತಿ:
ಹೌದು, ಅದು ನನಗೆ ಮರೆತೇ ಹೋಗಿತ್ತು. ಆದರೂ ಇಷ್ಟು ದೂರ ಬಂದವರಿಗೆ ಒಮ್ಮೆ ಖರ್ಚು ಮಾಡಿದರೆ ತಪ್ಪೇನು? ಮೈಸೂರು ಅರಮನೆಯಲ್ಲೂ ವಿದೇಶಿಯರಿಗೆ ಬೇರೆ ದರವಿದೆ.

ಜಮಾ ಖರ್ಚು:
ಬೇರೆ ದರಕ್ಕೂ ಸುಲಿಗೆಗೂ ವ್ಯತ್ಯಾಸವಿದೆ ಮೂರ್ತಿಯವರೇ.

ಗುಬ್ಬಚ್ಚಿ:
ಸುಲಿಗೆ ಎನ್ನಬೇಡಿ. ಉದ್ಯಾನಗಳ ದುರಸ್ತಿಗೆ ದುಡ್ಡು ಎಲ್ಲಿಂದಲಾದರೂ ಬರಬೇಕು. ಮೊತ್ತ ಹೆಚ್ಚಾಯಿತು, ಅದನ್ನು ಒಪ್ಪುತ್ತೇನೆ.

ಜಡ್ಡಿ ಮನೆ:
ಜಗಳ ಬಿಡಿ, ಪಕ್ಕದಲ್ಲೇ ಪುಕ್ಕಟೆ ಜೌಗು ಇದೆ. ಬಿಗ್ ಸೈಪ್ರೆಸ್. 1974ರಲ್ಲಿ ಸಂರಕ್ಷಿತವಾಯಿತು, ಪ್ರವೇಶ ಶುಲ್ಕವೇ ಇಲ್ಲ. ಶಾರ್ಕ್ ವ್ಯಾಲಿ ದಾಟಿ ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಓಯಸಿಸ್ ಎಂಬ ಮಾಹಿತಿ ಕೇಂದ್ರ. ಅದರ ಎದುರಿನ ಕಾಲುವೆಗೆ ಕಟಾಂಜನ ಹಾಕಿದ ಹಲಗೆ ದಾರಿ ಇದೆ. ಕೆಳಗೆ ಅಲಿಗೇಟರ್‌ಗಳು ಸೌದೆ ಪೇರಿಸಿದ ಹಾಗೆ ಬಿದ್ದಿರುತ್ತವೆ. ಮಂಡಿಗೆ ಒಂದು ಚೂರೂ ಕೆಲಸವಿಲ್ಲ. ಇನ್ನೂ ಮುಂದೆ ಹೋದರೆ ಕರ್ಬಿ ಸ್ಟೋರ್ಟರ್ ಎಂಬಲ್ಲಿ ಮರಗಳ ನಡುವೆ ಅರ್ಧ ಮೈಲಿ ಹಲಗೆ ದಾರಿ, ಹೋಗಿ ಬರಲು ಒಂದು ಮೈಲಿ.

ಒಂದು ಮಾತು. ಎವರ್‌ಗ್ಲೇಡ್ಸ್‌ನಲ್ಲಿ ಬಹುಪಾಲು ಕಾಣುವುದು ಹುಲ್ಲಿನ ಜೌಗು. ನಿಜವಾದ ಮರದ ಜೌಗು ಬೇಕೆಂದರೆ ಬಿಗ್ ಸೈಪ್ರೆಸ್ಸೇ. ನಾನು ಸಿದ್ದಾಪುರದವನು. ನಮ್ಮ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಜೌಗು ಕಾಡಿನಲ್ಲಿ, ಬೇರುಗಳು ಕೆಸರಿನಿಂದ ಮಂಡಿ ಮಡಚಿ ಮೇಲೆದ್ದು ಮತ್ತೆ ಒಳಗೆ ಹೋಗುತ್ತವೆಯಲ್ಲ, ಇಲ್ಲಿ ಸೈಪ್ರೆಸ್ ಮರದ ಸುತ್ತಲೂ ಅಂಥದೇ ಮೊಳಕಾಲುಗಳು ಎದ್ದು ನಿಂತಿವೆ. ಮೊದಲ ಸಲ ಕಂಡಾಗ ಊರಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದೆ. "ಅಲ್ಲಿ ಜಿಗಣೆ ಇದೆಯೇ?" ಎಂದು ಕೇಳಿದ. ಹಲಗೆಯ ಮೇಲೆ ನಡೆಯುವವರಿಗೆ ಇಲ್ಲ ಎಂದೆ. "ಹಾಗಾದರೆ ಅದು ಕಾಡಲ್ಲ, ಸಿನಿಮಾ ಸೆಟ್ಟು" ಎಂದುಬಿಟ್ಟ.

ಸುಮ್ಮನೆ ಬಂದವಳು:
ಆ ಮಂಡಿ ಬೇರುಗಳು ಮರದ ಉಸಿರಾಟಕ್ಕೆ ಅಲ್ಲವೇ?

ಜಡ್ಡಿ ಮನೆ:
ರಾಮಪತ್ರೆಯಲ್ಲಿ ಹೌದು. ಸೈಪ್ರೆಸ್ ಮೊಳಕಾಲಿನ ಬಗ್ಗೆ ಮಾತ್ರ ತಜ್ಞರಲ್ಲೇ ಒಮ್ಮತವಿಲ್ಲ. ಕೆಸರಿನಲ್ಲಿ ಮರ ಬೀಳದಂತೆ ಆಧಾರಕ್ಕೆ ಎನ್ನುವವರೂ ಇದ್ದಾರೆ.

ಸೊಳ್ಳೆ ಪರದೆ:
ಹಾವಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅಲ್ಲಿ ಬರ್ಮಾ ಹೆಬ್ಬಾವುಗಳು ಲೆಕ್ಕವಿಲ್ಲದಷ್ಟಿವೆ. ಸಾಕಿದವರು ಬೇಸರ ಬಂದಾಗ ತಂದು ಬಿಟ್ಟದ್ದು, 1992ರ ಆಂಡ್ರೂ ಚಂಡಮಾರುತದಲ್ಲಿ ಸಾಕಣೆ ಕೇಂದ್ರ ಒಡೆದು ತಪ್ಪಿಸಿಕೊಂಡದ್ದು, ಎಲ್ಲ ಸೇರಿ ಬೆಳೆದವು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರಸ್ತೆಯಲ್ಲಿ ಕಾಣಸಿಗುವ ರಕೂನ್ ಎಂಬ ಪುಟ್ಟ ಪ್ರಾಣಿಗಳ ಪ್ರಮಾಣ ಶೇ 99ರಷ್ಟು ಕುಸಿದಿತ್ತು. ಅಮ್ಮನವರಿಗೆ ಇದನ್ನು ಓದಿ ಹೇಳಬೇಡಿ.

ಹಾವಕ್ಕಿ:
ಓದಿ ಹೇಳಲಿ, ಆದರೆ ಪೂರ್ತಿ ಹೇಳಲಿ. ಆ ಹೆಬ್ಬಾವುಗಳ ಬಣ್ಣ ಹುಲ್ಲಿಗೆ ಎಷ್ಟು ಹೊಂದುತ್ತದೆಯೆಂದರೆ, ಹುಡುಕಲೆಂದೇ ಹೋದ ತಜ್ಞರಿಗೇ ಕಾಣುವುದಿಲ್ಲ. ಅದಕ್ಕೇ 2017ರಲ್ಲಿ ತಮಿಳುನಾಡಿನಿಂದ ಇರುಳ ಸಮುದಾಯದ ಮಾಸಿ ಸಡೈಯನ್, ವಡಿವೇಲ್ ಗೋಪಾಲ್ ಇಬ್ಬರನ್ನು ಕರೆಸಿದರು. ಕೈಯಲ್ಲಿ ಹಾರೆ ಹಿಡಿದು, ದೇವರಿಗೆ ಕೈಮುಗಿದು ಹುಲ್ಲಿಗೆ ನುಗ್ಗಿ, ಕೆಲವೇ ದಿನಗಳಲ್ಲಿ ಒಂದು ಡಜನ್‌ಗೂ ಹೆಚ್ಚು ಹೆಬ್ಬಾವು ಹಿಡಿದರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ನಾನು ಹನ್ನೆರಡು ಸಲ ಹೋಗಿದ್ದೇನೆ, ಒಂದು ಹೆಬ್ಬಾವನ್ನೂ ಕಂಡಿಲ್ಲ.

ಸೊಳ್ಳೆ ಪರದೆ:
ನಿಮಗೆ ಕಂಡಿಲ್ಲ ಎಂದರೆ ಅದಕ್ಕೆ ನೀವು ಕಂಡಿಲ್ಲ ಎಂದಲ್ಲ.

ಹಾವಕ್ಕಿ:
ಈ ಮಾತನ್ನಂತೂ ಅಮ್ಮನವರಿಗೆ ಖಂಡಿತ ಹೇಳಬೇಡಿ!

ಕೃಷ್ಣರಾಜ ಪೇಟೆ:
ತಡವಾಗಿ ನೋಡಿದೆ. ನಾನು ಸಿವಿಲ್ ಎಂಜಿನಿಯರ್, ನೀರಿನ ಕೆಲಸ. ನಿಮ್ಮ ತಂದೆಯವರಿಗೆ ಏನು ತೋರಿಸಬೇಕೆಂದು ನನಗೆ ಗೊತ್ತು. ಮೊಸಳೆ ಮಗನಿಗಿರಲಿ.

ಎವರ್‌ಗ್ಲೇಡ್ಸ್ ನಿಂತ ನೀರಲ್ಲ. ಹತ್ತಾರು ಮೈಲಿ ಅಗಲಕ್ಕೆ, ಮೊಳಕಾಲುದ್ದವೂ ಇಲ್ಲದ ಆಳದಲ್ಲಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ದಕ್ಷಿಣಕ್ಕೆ ಹರಿಯುವ ನೀರು. ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಬಸಿದು ಒಣಗಿಸಿ ಬೆಳೆ ಬೆಳೆಯಬೇಕೆಂದು ಕಾಲುವೆ ತೋಡಿದರು, ಒಡ್ಡು ಕಟ್ಟಿದರು. ಉತ್ತರದಲ್ಲಿ 103 ಮೈಲಿ ಅಂಕುಡೊಂಕಾಗಿ ಹರಿಯುತ್ತಿದ್ದ ಕಿಸಿಮ್ಮಿ ನದಿಯನ್ನು 1960ರ ದಶಕದಲ್ಲಿ 56 ಮೈಲಿಯ ನೇರ ನಾಲೆ ಮಾಡಿದರು. ತೋಡಿದ ಮೇಲೆ ತಪ್ಪಾಯಿತು ಎಂದು ತಿಳಿಯಿತು. 1999ರಿಂದ 2021ರ ತನಕ ಆ ನಾಲೆಯ ಒಂದು ಭಾಗವನ್ನು ಮುಚ್ಚಿ, ನದಿಗೆ ಹಳೆಯ ಡೊಂಕನ್ನು ಮರಳಿ ಕೊಟ್ಟರು. ಬಸಿಗಾಲುವೆ ತೋಡಿಸಿದವರಿಗೆ ಇದು ಅರ್ಥವಾಗುವಷ್ಟು ನಮಗೆ ಆಗುವುದಿಲ್ಲ.

ನೀವು ಹೋಗುವ ಟಮಿಯಾಮಿ ಹೆದ್ದಾರಿಯೂ ಒಂದು ಅಣೆಕಟ್ಟೆಯೇ. 1928ರಲ್ಲಿ ರಸ್ತೆ ಮುಗಿದಾಗಿನಿಂದ ನೀರಿಗೆ ಅಡ್ಡ. 2013ರಲ್ಲಿ ಒಂದು ಮೈಲಿ ರಸ್ತೆಯನ್ನು ಸೇತುವೆಯ ಮೇಲೆತ್ತಿದರು, ಕೆಳಗೆ ನೀರು ಹರಿಯಲಿ ಎಂದು. ಶಾರ್ಕ್ ವ್ಯಾಲಿಯ ಆಸುಪಾಸಿನಲ್ಲಿ ಬಲಗಡೆ ನೋಡುತ್ತಿರಿ, ಎಸ್-12 ಎಂಬ ನಾಲ್ಕು ತೂಬುಗಳು ಸಾಲಾಗಿ ಸಿಗುತ್ತವೆ, ಎ, ಬಿ, ಸಿ, ಡಿ. ಉದ್ಯಾನಕ್ಕೆ ಉತ್ತರದ ನೀರು ಇಳಿಯುವ ಬಾಗಿಲುಗಳು ಇವು. ಜನ ಅಲ್ಲಿ ಗಾಳ ಹಾಕುತ್ತಾ ನಿಂತಿರುತ್ತಾರೆ. ಟಿಕೆಟ್ ಇಲ್ಲ.

ಗುಬ್ಬಚ್ಚಿ:
ಪ್ರವಾಸಕ್ಕೆ ಹೋಗಿ ತೂಬು ನೋಡುವುದೇ? ನೀವು ಎಂಜಿನಿಯರ್‌ಗಳು ಮದುವೆ ಮನೆಗೆ ಹೋದರೂ ಚಪ್ಪರದ ಕಂಬ ಅಲುಗಿಸಿ ನೋಡುವವರು.

ಕೃಷ್ಣರಾಜ ಪೇಟೆ:
ನಿಮ್ಮ ಹೆಸರಿನವರ ಕಥೆಯೂ ಇದೆ, ಕೇಳಿ ಅಕ್ಕ. ಪಶ್ಚಿಮದ ಎರಡು ತೂಬುಗಳನ್ನು ವರ್ಷದಲ್ಲಿ ಹಲವು ತಿಂಗಳು ಮುಚ್ಚಿಡುವುದು ಒಂದು ಗುಬ್ಬಿಗಾಗಿ. ಕೇಪ್ ಸೇಬಲ್ ಗುಬ್ಬಿ, ಜಗತ್ತಿನಲ್ಲಿ ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ನೆಲದಿಂದ ಗೇಣುದ್ದ ಮೇಲೆ ಹುಲ್ಲಿನಲ್ಲಿ ಗೂಡು ಕಟ್ಟುತ್ತದೆ. ಆ ಕಾಲದಲ್ಲಿ ನೀರು ಬಿಟ್ಟರೆ ಗೂಡು ಮುಳುಗುತ್ತದೆ.

ಗುಬ್ಬಚ್ಚಿ:
ತೂಬಿನ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಬಿಸಿಲುಕುದುರೆ:
ಒಂದು ಗುಬ್ಬಿಗಾಗಿ ನೀರು ನಿಲ್ಲಿಸಿದರೆ ನಮ್ಮಲ್ಲಿ ಹೆದ್ದಾರಿಯಲ್ಲಿ ಟೈರು ಸುಡುತ್ತಿದ್ದರು.

ಕೃಷ್ಣರಾಜ ಪೇಟೆ:
ಇಲ್ಲಿಯೂ ತಕರಾರು ಕಡಿಮೆಯಿಲ್ಲ. ತೂಬು ಮುಚ್ಚಿದರೆ ಉತ್ತರದಲ್ಲಿ ನೀರು ಏರುತ್ತದೆ, ಅಲ್ಲಿಯ ಮೂಲನಿವಾಸಿಗಳಾದ ಮಿಕೊಸುಕಿ ಜನರ ಮರದ ದಿಬ್ಬಗಳು ಮುಳುಗುತ್ತವೆ. ಅವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅದು ಖಾಲಿ ಕಾಡಲ್ಲ, ಅವರ ಊರು. ಹೆದ್ದಾರಿಯ ಪಕ್ಕದಲ್ಲಿ ಕಾಣುವ ಗರಿ ಹೊದಿಸಿದ ಗುಡಿಸಲುಗಳು ಪ್ರವಾಸಿಗರಿಗೆಂದು ಕಟ್ಟಿದ ಗೊಂಬೆಮನೆಗಳಲ್ಲ.

ಸುಮ್ಮನೆ ಬಂದವಳು:
ಮಧ್ಯಾಹ್ನದ ಊಟಕ್ಕೆ ನನ್ನ ಸಲಹೆ: ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ದಾರಿಯಲ್ಲಿ ಸಸ್ಯಾಹಾರ ಹುಡುಕಬೇಡಿ, ಆಲೂ ಚಿಪ್ಸ್ ಬಿಟ್ಟು ಏನೂ ಸಿಗುವುದಿಲ್ಲ. ನೀರಿನ ಅಂಚಿನಲ್ಲಿ ಡಬ್ಬಿ ಬಿಚ್ಚಬೇಡಿ. ಈಗ ಸೊಳ್ಳೆ ಕಡಿಮೆ. ಆದರೂ ಸಂಜೆಗೆ ಪೂರ್ತಿ ತೋಳಿನ ಅಂಗಿ ಇರಲಿ.

ನಾಲೆ ಏರಿ:
ಹೋಗಿ ಬಂದೆವು! ವರದಿ ಒಪ್ಪಿಸುತ್ತೇನೆ.

ಬಿಗ್ ಸೈಪ್ರೆಸ್‌ಗೇ ಹೋದೆವು. ಹೆಂಡತಿ ಏರ್‌ಬೋಟನ್ನು ಬೇಸಿಗೆ ರಜೆಗೆ ಮುಂದೂಡಿದ್ದಾಳೆ, ಬಿಟ್ಟಿಲ್ಲ. ಓಯಸಿಸ್‌ನ ಹಲಗೆ ದಾರಿಯಲ್ಲಿ ಮಗ ಮೂವತ್ನಾಲ್ಕು ಎಣಿಸಿ, "ಅಜ್ಜಿ, ಇವು ಮೊಸಳೆಗಳಲ್ಲ, ಅಲಿಗೇಟರ್‌ಗಳು. ಮೂತಿ ಅಗಲ, ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಕಾಣುವುದಿಲ್ಲ. ಎರಡೂ ಒಟ್ಟಿಗೆ ಇರುವುದು ಜಗತ್ತಿನಲ್ಲಿ ದಕ್ಷಿಣ ಫ್ಲೋರಿಡಾದಲ್ಲಿ ಮಾತ್ರ" ಎಂದು ಪಾಠ ಮಾಡಿದ. "ಕಚ್ಚುವಾಗ ವ್ಯತ್ಯಾಸ ತಿಳಿಯುತ್ತದೆಯೇ?" ಎಂದು ಅಮ್ಮ ಕೇಳಿದರು. ಅವರ ಕಣ್ಣು ಪೂರ್ತಿ ಹೊತ್ತು ಹಲಗೆಯ ಸಂದಿಗಳ ಮೇಲಿತ್ತು. ಹಾವು ಸಿಗಲಿಲ್ಲ.

ಕರ್ಬಿ ಸ್ಟೋರ್ಟರ್‌ನಲ್ಲಿ ಅಪ್ಪ ನಡೆಯಲಾರರು ಎಂದುಕೊಂಡಿದ್ದೆ. ನಿಧಾನವಾಗಿ ಕೊನೆಯ ತನಕ ಬಂದರು. ಸೈಪ್ರೆಸ್ ಮೊಳಕಾಲುಗಳನ್ನು ತೋರಿಸಿ ಮರಕ್ಕೂ ಮಂಡಿ ಇದೆ ಎಂದೆ. "ಇದ್ದರೂ ನಡೆಯಬೇಕಾಗಿಲ್ಲವಲ್ಲ" ಎಂದರು. ಆಮೇಲೆ ಕಟಾಂಜನಕ್ಕೆ ಒರಗಿ ತುಂಬಾ ಹೊತ್ತು ನೀರನ್ನೇ ನೋಡಿದರು. ಒಂದು ಒಣ ಎಲೆ ಹಾಕಿ, ಗಡಿಯಾರ ನೋಡಿ, ಅದು ಎಷ್ಟು ದೂರ ಸಾಗಿತೆಂದು ಕಣ್ಣಳತೆ ಮಾಡಿದರು. "ಹರಿಯುತ್ತಿದೆ" ಎಂದರು. ಬೆಳಗಿನಿಂದ ಅವರು ಖುಷಿಯಿಂದ ಆಡಿದ ಮೊದಲ ಮಾತು ಅದು.

ಅಲ್ಲಿಂದ ಓಚೋಪಿ ಅಂಚೆ ಕಚೇರಿಗೆ ಹೋದೆವು, ಅಮೆರಿಕದಲ್ಲೇ ಅತಿ ಚಿಕ್ಕದು. 1953ರಲ್ಲಿ ಊರಿನ ಅಂಗಡಿ ಸುಟ್ಟುಹೋದಾಗ ಟೊಮೆಟೊ ತೋಟದ ನೀರಾವರಿ ಪೈಪುಗಳನ್ನು ಇಡುತ್ತಿದ್ದ ಶೆಡ್ಡನ್ನೇ ಅಂಚೆ ಕಚೇರಿ ಮಾಡಿಕೊಂಡರಂತೆ. ಅದು ತಿಳಿದ ಮೇಲೆ ಅಪ್ಪ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಶನಿವಾರವಾದ್ದರಿಂದ ಅಮ್ಮನ ಅಂಚೆ ಕಾರ್ಡಿಗೆ ಮುದ್ರೆ ಬೀಳುವುದೋ ಇಲ್ಲವೋ ಎಂದು ಹೆದರಿದ್ದೆವು, ಸಿಕ್ಕಿತು.

ಇನ್ನು ಎಸ್-12. ಹಿಂದಿರುಗುವಾಗ ನಿಲ್ಲಿಸಿದೆ. ಅಪ್ಪ ಕಾರಿನಿಂದ ನಾನು ಕೈ ಕೊಡುವ ಮೊದಲೇ ಇಳಿದಿದ್ದರು. ಬೇಲಿಯ ತನಕ ಹೋಗಿ ಗೇಟುಗಳನ್ನು ಎಣಿಸಿದರು, ಮೇಲಿನ ನೀರು, ಕೆಳಗಿನ ನೀರು ನೋಡಿದರು, ಮುಚ್ಚಿರುವುದನ್ನು ಕಂಡು "ಕೊನೆಭಾಗದವರು ಬೈಯುತ್ತಿರಬೇಕು" ಎಂದರು. ಗುಬ್ಬಿಯ ವಿಷಯ ಹೇಳಿದೆ. ನಂಬಲಿಲ್ಲ. ಅಲ್ಲಿ ಗಾಳ ಹಾಕುತ್ತಿದ್ದ ವಯಸ್ಸಾದ ಒಬ್ಬರನ್ನು ಕೇಳಿಸಿದರು, ಅವರೂ ಅದನ್ನೇ ಹೇಳಿದರು, ಜೊತೆಗೆ ಒಂದು ಬೈಗುಳ ಸೇರಿಸಿ. ಬೈಗುಳ ಕೇಳಿದ ಮೇಲೆ ಅಪ್ಪನಿಗೆ ನಂಬಿಕೆ ಬಂತು. ಆಮೇಲೆ ಅವರಿಬ್ಬರೂ, ನಡುವೆ ನಾನು ಭಾಷಾಂತರಕ್ಕೆ, ಮುಕ್ಕಾಲು ಗಂಟೆ ಮಾತನಾಡಿದರು. ಇಲ್ಲಿಯೂ ನೀರನ್ನು ಸೆಕೆಂಡಿಗೆ ಘನ ಅಡಿಯಲ್ಲೇ ಅಳೆಯುತ್ತಾರೆಂದು ತಿಳಿದು, "ಕ್ಯೂಸೆಕ್ಕೇ! ನಮ್ಮ ಕ್ಯೂಸೆಕ್ಕೇ!" ಎಂದು ಅಮ್ಮನಿಗೆ ಕಾರಿನ ಕಿಟಕಿಯಲ್ಲಿ ಬಗ್ಗಿ ಹೇಳಿದರು. ಅಮ್ಮ ಅರ್ಧ ನಿದ್ದೆಯಲ್ಲಿದ್ದರು.

ಜಡ್ಡಿ ಮನೆ:
ಎಲೆ ಹಾಕಿ ನೋಡಿದ್ದು ಓದಿ ಮನಸ್ಸು ತುಂಬಿತು. ನಮ್ಮ ಅಜ್ಜ ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ಹಾಗೆಯೇ ಮಾಡುತ್ತಿದ್ದರು.

ಜಮಾ ಖರ್ಚು:
ಒಟ್ಟು ಖರ್ಚು?

ನಾಲೆ ಏರಿ:
ಪೆಟ್ರೋಲ್, ಅಮ್ಮನ ಅಂಚೆ ಚೀಟಿ, ಮಗನಿಗೆ ರಬ್ಬರ್ ಅಲಿಗೇಟರ್.

ಕೃಷ್ಣರಾಜ ಪೇಟೆ:
ಆ ತೂಬುಗಳ ಹರಿವಿನ ಅಂಕಿಗಳು ದಿನವೂ ಅಂತರ್ಜಾಲದಲ್ಲಿ ಸಿಗುತ್ತವೆ, ತಂದೆಯವರಿಗೆ ತೋರಿಸಿ.

ನಾಲೆ ಏರಿ:
ತೋರಿಸಿ ತಪ್ಪು ಮಾಡಿದೆ ಸರ್. ಗ್ಯಾರೇಜಿನ ಕುರ್ಚಿ ಹಾಗೆಯೇ ಇದೆ, ಈಗ ಅದರ ಮೇಲೆ ನನ್ನ ಲ್ಯಾಪ್‌ಟಾಪೂ ಹೋಗಿದೆ. ಬೆಳಗ್ಗೆ ಕಚೇರಿಯ ಮೀಟಿಂಗಿಗೆ ಕೇಳಿದರೆ "ಇರು, ಡಿ ಗೇಟಿನದು ಇನ್ನೂ ಬಂದಿಲ್ಲ" ಎನ್ನುತ್ತಾರೆ.

ಬಿಸಿಲುಕುದುರೆ:
ಬೇಸಿಗೆ ರಜೆಯಲ್ಲಿ ಏರ್‌ಬೋಟ್ ಎಂದಿರಿ. ಜುಲೈನಲ್ಲಿ ಹೋಗುವಿರಾದರೆ ಸೊಳ್ಳೆಗಳ ಬಗ್ಗೆ ಬೇರೆ ಪ್ರಶ್ನೆ ಹಾಕಿ. ಅದಕ್ಕೆ ಉತ್ತರಿಸಲು ಈ ಪುಟ ಸಾಲುವುದಿಲ್ಲ.

ಸೊಳ್ಳೆ ಪರದೆ:
ನನ್ನನ್ನು ಕರೆದಿರಾ?